ಮನೆಯಲ್ಲೇ ಕಟ್ಟಿದ ವಾಲ್ವ್ ಸ್ಪ್ರಿಂಗ್ ರಿವರ್ಬ್: ಆರು ತಿಂಗಳ ಬಳಕೆಯ ನಂತರ

ಗಿಟಾರಿನ ತಂತಿಗಳ ಮೇಲೆ ಎಡಗೈಯನ್ನು ಹಗುರವಾಗಿ ಇಟ್ಟು, ಬಲಗೈಯಿಂದ ಒಮ್ಮೆ ಚಕ್ಕನೆ ಮೀಟಿದರೆ ಈ ರಿವರ್ಬ್‌ನಿಂದ, ಅಂದರೆ ಸ್ಪ್ರಿಂಗ್‌ಗಳನ್ನು ಅಲುಗಿಸಿ ಗಿಟಾರಿನ ಸದ್ದಿಗೆ ಅನುರಣನ ಸೇರಿಸುವ ಪೆಟ್ಟಿಗೆಯಿಂದ, ಬರುವುದು ಅಜ್ಜಿಯ ಮನೆಯ ಬಾವಿಯ ಸದ್ದು. ರಾಟೆಯಿಂದ ಹಗ್ಗ ಜಾರಿ ಕೊಡ ನೀರಿಗೆ ಬಡಿದಾಗ, ಆ ಸದ್ದು ಕಲ್ಲುಗೋಡೆಗೆ ತಾಗುತ್ತ ಮೇಲೇರುತ್ತದಲ್ಲ, ಹಾಗೆ. ಮೊದಲು ಒಂದು ‘ಟಪ್’, ಅದರ ಬೆನ್ನಿಗೆ ನಡುಗುತ್ತ ಬರುವ ಬಾಲ. ಈ ಸದ್ದಿಗಾಗಿ ನಾಲ್ಕು ವರ್ಷಗಳಲ್ಲಿ ಮೂರು ಡಿಜಿಟಲ್ ಪೆಡಲ್‌ಗಳನ್ನು ಕೊಂಡು ಮಾರಿದ್ದೇನೆ. ಬಾಲವನ್ನು ಅವು ಚೆನ್ನಾಗಿಯೇ ಕೊಡುತ್ತಿದ್ದವು, ‘ಟಪ್’ ಮಾತ್ರ ಬರುತ್ತಿರಲಿಲ್ಲ. ಕೊನೆಗೆ ವಿದೇಶದಿಂದ ಕಿಟ್ ತರಿಸಿ ನಾನೇ ಕಟ್ಟಿದೆ.

ಕಿಟ್ ಅನುಸರಿಸುವುದು 6ಜಿ15 ಸರ್ಕ್ಯೂಟ್ ನಕ್ಷೆಯನ್ನು. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿದ್ದ ಫೆಂಡರ್ ಕಂಪನಿ 1961ರಲ್ಲಿ ಹೊರತಂದ ರಿವರ್ಬ್ ಪೆಟ್ಟಿಗೆ ಅದು. ಸ್ಪ್ರಿಂಗಿನ ಉಪಾಯ ಹ್ಯಾಮಂಡ್ ಆರ್ಗನ್ನಿನಿಂದ ಬಂದದ್ದು. ಡಿಕ್ ಡೇಲ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದ ಸರ್ಫ್ (ಕಡಲಲೆಯ ಸವಾರರ ನಡುವೆ ಬೆಳೆದ ಸಂಗೀತ) ಗಿಟಾರ್ ವಾದಕರ ಕೈಯಲ್ಲಿ ಅದಕ್ಕೆ ಹೊಸ ಜೀವ ಬಂತು. 1963ರ ವೈಬ್ರೋವರ್ಬ್ ಮಾದರಿಯಿಂದ ಶುರುವಾಗಿ ಫೆಂಡರ್ ರಿವರ್ಬನ್ನು ಆಂಪ್ಲಿಫೈಯರಿನ ಒಳಗೇ ಇಟ್ಟಿತು. ಅನುಕೂಲವೇನೋ ಆಯಿತು, ಆದರೆ ಮೂರು ನಾಬ್‌ಗಳ ಜಾಗದಲ್ಲಿ ಒಂದೇ ಉಳಿಯಿತು. ಕಳೆದುಹೋದದ್ದರಲ್ಲಿ ‘ಡ್ವೆಲ್’ ಕೂಡ ಸೇರಿತ್ತು. ನನ್ನ ಮಟ್ಟಿಗೆ ಈ ಪೆಟ್ಟಿಗೆಯ ಪ್ರಾಣವೇ ಅದು.

ಗಿಟಾರಿನ ಸಂಕೇತದ ಒಂದು ಕವಲು ನೇರವಾಗಿ ‘ಮಿಕ್ಸರ್’ಗೆ ಹೋಗುತ್ತದೆ. ಇನ್ನೊಂದು 12ಎಟಿ7 ಎಂಬ ವಾಲ್ವಿನಲ್ಲಿ (ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಕೊಳವೆ) ಬಲಗೊಂಡು, 6ಕೆ6 ವಾಲ್ವಿಗೆ ಹೋಗಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಸ್ಪ್ರಿಂಗ್‌ಗಳನ್ನು ಅಲುಗಿಸುತ್ತದೆ. ಆ ತುದಿಯಲ್ಲಿ ಹೊರಬರುವ ಸಣ್ಣ ಸದ್ದನ್ನು 12ಎಎಕ್ಸ್7 ಎತ್ತಿಕೊಡುತ್ತದೆ. ಸ್ಪ್ರಿಂಗಿಗೆ ಎಷ್ಟು ಜೋರಾಗಿ ಏಟು ಬೀಳಬೇಕು ಎಂಬುದನ್ನು ತೀರ್ಮಾನಿಸುವುದು ಡ್ವೆಲ್. ಆ ಏಟಿನ ಫಲ ಎಷ್ಟು ಕೇಳಬೇಕು ಎಂಬುದು ಮಿಕ್ಸರ್. ಇವೆರಡೂ ಬೇರೆ ಬೇರೆ ಎಂಬುದು ಕೈಯಾರೆ ತಿರುಗಿಸಿ ಕೇಳಿದಾಗಲೇ ಮನಸ್ಸಿಗೆ ಇಳಿಯುತ್ತದೆ. ಡ್ವೆಲ್ 7ಕ್ಕೆ ಏರಿಸಿ ಮಿಕ್ಸರನ್ನು 3ರಲ್ಲಿಟ್ಟರೆ ಒದ್ದೆ ಸದ್ದು (ಸ್ಪ್ರಿಂಗಿನಿಂದ ಬರುವುದು) ದೂರದಲ್ಲಿದ್ದೂ ಮೊನಚಾಗಿರುತ್ತದೆ. ತಿರುಗುಮುರುಗು ಮಾಡಿದರೆ ಮೆತ್ತಗಿನ ಮಂಜು ಕವಿದಂತೆ.

ಕಿಟ್ಟಿನಲ್ಲಿ ಬಂದ ಭಾಗಗಳ ಬಗ್ಗೆ ದೂರಿಲ್ಲ. ಕೊರೆದ ರಂಧ್ರಗಳೆಲ್ಲ ಸರಿಯಾಗಿ ಕೂತವು, ವಾಲ್ವ್ ಸಾಕೆಟ್‌ಗಳು ಬಿಗಿಯಾಗಿವೆ. ಟ್ಯಾಂಕ್, ಅಂದರೆ ಸ್ಪ್ರಿಂಗ್‌ಗಳನ್ನು ಹಿಡಿದಿಡುವ ಭಾಗ, ಆಕ್ಯುಟ್ರಾನಿಕ್ಸ್ ಕಂಪನಿಯ 4ಎಬಿ3ಸಿ1ಬಿ, 17 ಇಂಚಿಗೆ ತುಸು ಕಡಿಮೆ ಉದ್ದದ ತಗಡಿನ ತೊಟ್ಟಿಲು. ಈ ನಕ್ಷೆಗೆ ಬೇಕಾದದ್ದು ಇದೇ: ಸಂಕೇತ ಒಳಬರುವ ಕಡೆ 8 ಓಮ್, ಹೊರಹೋಗುವ ಕಡೆ 2250 ಓಮ್, ದೀರ್ಘ ಅನುರಣನ. ಕೂರಿಸುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಮೀಟರ್ ಅಳೆಯುವುದು ಡಿ.ಸಿ. ರೋಧವನ್ನಷ್ಟೇ, ಹಾಗಾಗಿ ಒಳಬರುವ ಕಡೆಯ ಸುರುಳಿ ಒಂದು ಓಮ್‌ಗೂ ಕಡಿಮೆ ತೋರಿಸುತ್ತದೆ, ಹೊರಹೋಗುವ ಕಡೆಯದು (ಹೊರಸುರುಳಿ) ಸುಮಾರು 200. ನಾನು ಹೀಗೆ ನೋಡದೆ ಎರಡು ಕೇಬಲ್‌ಗಳನ್ನು ಅದಲುಬದಲು ಹಾಕಿ, ರಿವರ್ಬ್ ಬರುತ್ತಿಲ್ಲವೆಂದು ಇಡೀ ಭಾನುವಾರ ಬೆಸುಗೆಗಳನ್ನೇ ಪರೀಕ್ಷಿಸುತ್ತ ಕೂತಿದ್ದೆ.

ದೂರಿರುವುದು ಪವರ್ ಟ್ರಾನ್ಸ್‌ಫಾರ್ಮರ್ ಬಗ್ಗೆ. ವಿಳಾಸ ಬೆಂಗಳೂರಿನದಾದರೂ ಕಳುಹಿಸಿದ್ದು 120 ವೋಲ್ಟಿನದು. ಪತ್ರ ಬರೆದರೆ, ಸ್ಟೆಪ್‌ಡೌನ್ ಹಾಕಿಕೊಳ್ಳಿ ಎಂಬ ಒಂದು ಸಾಲಿನ ಉತ್ತರ. ವೋಲ್ಟೇಜನ್ನೇನೋ ಇಳಿಸಬಹುದು, ಆದರೆ 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಮಾರುವವರಿಗೆ ಇದು ಗೊತ್ತಿರಬೇಕಾದ ವಿಷಯ. ಕೊನೆಗೆ ಎಸ್.ಪಿ. ರಸ್ತೆಯ ಬಳಿ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವ ಹಿರಿಯರೊಬ್ಬರ ಬಳಿ ಹೋದೆ. ನಕ್ಷೆಯನ್ನು ಕಣ್ಣಿನ ಹತ್ತಿರ ಹಿಡಿದು, “ಇದು ನಮ್ಮ ವಾಲ್ವ್ ರೇಡಿಯೋದ ಲೆಕ್ಕವೇ ಅಲ್ಲವೇನಪ್ಪ” ಎಂದರು. ಹತ್ತು ದಿನದಲ್ಲಿ 230 ವೋಲ್ಟಿಗೆ ಸುತ್ತಿಕೊಟ್ಟರು. ಮೂರು ಗಂಟೆ ನುಡಿಸಿದ ಮೇಲೂ ಅದರ ಮೇಲೆ ಅಂಗೈ ಇಡಬಹುದು.

ಕಟ್ಟಿ ಮುಗಿದ ಮೇಲೆ ಉಳಿದದ್ದು ಗುಂಯ್ ಸದ್ದು. ಇದನ್ನು ಬಗೆಹರಿಸಿದ ಸಂಜೆ ನನಗೆ ಇಡೀ ಕೆಲಸದಲ್ಲೇ ಹೆಚ್ಚು ಇಷ್ಟವಾದದ್ದು. ವಿದ್ಯುತ್ತಿನ ಏರಿಳಿತವನ್ನು ಸಮಮಾಡುವ ಫಿಲ್ಟರ್ ಕೆಪಾಸಿಟರ್‌ಗಳ ತೊಂದರೆಯಾಗಿದ್ದರೆ 100 ಹರ್ಟ್ಸ್‌ನ ಸದ್ದು ಬರಬೇಕಿತ್ತು. ಇದು ಅದಕ್ಕಿಂತ ಒಂದು ಸ್ಥಾಯಿ ಕೆಳಗಿತ್ತು, ಅಂದರೆ ಮನೆಯ ವಿದ್ಯುತ್ತಿನದೇ 50 ಹರ್ಟ್ಸ್. ಟ್ಯಾಂಕಿನಿಂದ ಬರುವ ಆರ್‌ಸಿಎ ಕೇಬಲ್ ಕಿತ್ತೆ, ಸದ್ದು ನಿಂತಿತು. ಅಂದರೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಟ್ಯಾಂಕಿನ ಹೊರಸುರುಳಿ ಹಿಡಿಯುತ್ತಿತ್ತು. ಉದ್ದದ ಕೇಬಲ್ ಹಾಕಿ ಟ್ಯಾಂಕನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತ ಹೋದೆ. ಒಂದು ಕೋನದಲ್ಲಿ ಗುಂಯ್ ಏರುತ್ತದೆ, ಇನ್ನೊಂದರಲ್ಲಿ ಉಸಿರು ಕಟ್ಟಿದಂತೆ ಅಡಗುತ್ತದೆ. ಪೆಟ್ಟಿಗೆಯಲ್ಲಿ ಟ್ಯಾಂಕನ್ನು ತಲೆಕೆಳಗು ಮಾಡದೆ, ತುದಿಗಳನ್ನಷ್ಟೇ ಬದಲಿಸಿ, ಹೊರಸುರುಳಿ ಟ್ರಾನ್ಸ್‌ಫಾರ್ಮರಿಗೆ ಆದಷ್ಟು ದೂರವಾಗುವಂತೆ ಮಲಗಿಸಿದೆ. ನುಡಿಸುವಾಗ ಈಗ ಗುಂಯ್ ಕೇಳುವುದೇ ಇಲ್ಲ. ಹಲಗೆಗೆ ಸ್ಕ್ರೂ ಹಾಕುವ ಮುನ್ನ ಈ ಪರೀಕ್ಷೆ ಮಾಡಿಕೊಳ್ಳಿ ಎಂದು ಕೈಪಿಡಿಯಲ್ಲಿ ಒಂದು ಸಾಲಾದರೂ ಇರಬೇಕಿತ್ತು.

ಕೈಪಿಡಿಯ ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ಒಳಗೆ 300 ವೋಲ್ಟಿನ ಆಸುಪಾಸು ಡಿ.ಸಿ. ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ನಿಂತಿರಬಹುದು. ಎಚ್ಚರಿಕೆಯ ಮಾತು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ. ಅದು ಮೊದಲ ಪುಟದಲ್ಲಿ ಇರಬೇಕಾದದ್ದು. ನಾನು ಪ್ರತಿ ಸಲವೂ ರೆಸಿಸ್ಟರಿನ ಮೂಲಕ ವಿದ್ಯುತ್ತನ್ನು ಇಳಿಸಿ, ಮೀಟರ್ ಸೊನ್ನೆಗೆ ಬಂದದ್ದನ್ನು ನೋಡಿಯೇ ಒಳಗೆ ಕೈ ಹಾಕುತ್ತೇನೆ. ವಾಲ್ವ್ ಕೆಲಸ ಮಾಡಿ ಅಭ್ಯಾಸವಿಲ್ಲದವರು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರುಮಾಡಲಿ.

ಸುಂಕವೂ ಹೊಸ ಟ್ರಾನ್ಸ್‌ಫಾರ್ಮರೂ ಸೇರಿ ನನಗೆ 46 ಸಾವಿರ ರೂಪಾಯಿಯ ಹತ್ತಿರ ಬಿತ್ತು. ಮನೆಯ ಮೂಲೆಯಲ್ಲಿ ಹಿತವಾದ ಅನುರಣನ ಸಾಕು ಎನ್ನುವವರಿಗೆ ಇದು ಬೇಡ, ಒಳ್ಳೆಯ ಪೆಡಲ್ ಸಾಕು. ಇದನ್ನು ಹೊತ್ತು ಓಡಾಡುವುದೂ ಕಷ್ಟ. ಆಟೋ ಹಳ್ಳಕ್ಕೆ ಇಳಿದಾಗಲೆಲ್ಲ ಒಳಗೆ ಸ್ಪ್ರಿಂಗ್ ಝಣ್ ಎನ್ನುತ್ತದೆ. ಮೀಟಿನ ಏಟಿಗೆ ತಕ್ಕ ಉತ್ತರ ಬೇಕು ಎನ್ನುವವರು ಮಾತ್ರ ಧೈರ್ಯವಾಗಿ ಕಟ್ಟಲಿ. ಮೆಲ್ಲಗೆ ನುಡಿಸಿದರೆ ಸ್ಪ್ರಿಂಗ್ ಬರೀ ಉಸುರುತ್ತದೆ, ಜೋರಾಗಿ ಹೊಡೆದರೆ ಚಿಮ್ಮುತ್ತದೆ. ಕೈಗೂ ಸದ್ದಿಗೂ ನಡುವೆ ಇಷ್ಟು ಹತ್ತಿರದ ನಂಟನ್ನು ನಾನು ಬೇರೆ ಯಾವ ರಿವರ್ಬಿನಲ್ಲೂ ಕಂಡಿಲ್ಲ.

6ಕೆ6 ಜಾಗದಲ್ಲಿ 6ವಿ6 ಹಾಕಬಹುದು, ಪಿನ್‌ಗಳು ಹೊಂದುತ್ತವೆ, ಸುಲಭವಾಗಿ ಸಿಗುವುದೂ ಅದೇ. ಎರಡು ವಾರ ಹಾಕಿ ನೋಡಿದೆ. ಬಲ ಹೆಚ್ಚಿತು, ಆದರೆ ಆ ‘ಟಪ್’ನ ಅಂಚು ದುಂಡಗಾಯಿತು. ಹಳೆಯ ದಾಸ್ತಾನಿನ ಇನ್ನೊಂದು 6ಕೆ6 ಹುಡುಕಿ ತಂದು, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ಒಳಗೇ ಇಟ್ಟಿದ್ದೇನೆ.