ಕಿಟಕಿ ಗಾಜೋ, ತರಿಸಿದ ಬಣ್ಣದ ಗಾಜೋ: ಎರಡನ್ನೂ ಭಟ್ಟಿಗಿಟ್ಟು ನೋಡಿದ ಮೇಲೆ

ಅವ್ವನ ಇಳಕಲ್ ಸೀರೆಯ ಸೆರಗಿನ ತೆನೆಯನ್ನು ಗಾಜಿನ ತಟ್ಟೆಯ ಮೇಲೆ ತರಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕೆಂದೇ ಬಾಗಲಕೋಟೆ ನವನಗರದ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ಸಣ್ಣ ಕರೆಂಟ್ ಭಟ್ಟಿ ಇಟ್ಟುಕೊಂಡಿದ್ದೇನೆ. ಒಂದು ವರ್ಷದಿಂದ ಎರಡು ಬಗೆಯ ಗಾಜು ಬೆಸೆಯುತ್ತಿದ್ದೇನೆ. ಒಂದು, ಆನ್‌ಲೈನ್‌ನಲ್ಲಿ ತರಿಸುವ ‘ಸಿಒಇ 96’ ಬಣ್ಣದ ಗಾಜು (ಸಿಒಇ ಅಂದರೆ ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆಂಬ ಅಳತೆ). ಇನ್ನೊಂದು, ಗ್ಲಾಸ್ ಅಂಗಡಿಯಲ್ಲಿ ಕಿಟಕಿಗೆ ಕೊಯ್ದು ಉಳಿದ 4 ಎಂಎಂ ತುಂಡು. ನನ್ನ ಒಲವು ಕಿಟಕಿ ಗಾಜಿಗೇ. ಆದರೆ ಕಣ್ಣಲ್ಲಿ ನೀರು ತರಿಸಿದ್ದೂ ಅದೇ.

ಕಿಟಕಿ ಗಾಜಿನಲ್ಲಿ ಕೆಂಪಿಲ್ಲ, ಇಳಕಲ್ ಸೆರಗಿಗೆ ಕೆಂಪು ಬೇಕೇ ಬೇಕು. ಅವ್ವನ ಡಬ್ಬಿಯಲ್ಲಿ ಹೆಚ್ಚಿದ ಕೆಂಪು ಬಳೆಗಳಿದ್ದವು (ಒಡೆದವು ಅಂದರೆ ಅವ್ವ ಬೈಯುತ್ತಾಳೆ). ಅವನ್ನು ಸಣ್ಣಗೆ ಕತ್ತರಿಸಿ, ಕಿಟಕಿ ಗಾಜಿನ ಮೇಲೆ ಜೋಳದ ತೆನೆಯ ಹಾಗೆ ಜೋಡಿಸಿ, 830 ಡಿಗ್ರಿಯ ಆಸುಪಾಸು ಬೇಯಿಸಿದೆ. ಮರುದಿನ ಮುಚ್ಚಳ ತೆಗೆದರೆ ಕಾಳು ಕಾಳೂ ಹೊಳೆಯುತ್ತಿತ್ತು. ಅವ್ವ ಬೆರಳಾಡಿಸಿ ನೋಡಿ, ತಟ್ಟೆಯನ್ನು ತಾನೇ ಶೋಕೇಸಿನಲ್ಲಿಟ್ಟಳು.

ಮೂರನೆಯ ರಾತ್ರಿ ‘ಟಣ್’ ಅಂತ ಸದ್ದು. ಯಾರೂ ಮುಟ್ಟಿರಲಿಲ್ಲ. ಬಿರುಕು ಬಳೆಚೂರುಗಳ ಅಂಚನ್ನೇ ಹಿಡಿದು, ಒಂದು ಕಾಳಿನಿಂದ ಇನ್ನೊಂದಕ್ಕೆ ಹಾದುಹೋಗಿತ್ತು.

ಬೇಗ ತಣಿಸಿದ್ದೇ ತಪ್ಪೆಂದುಕೊಂಡೆ. ಎರಡನೆಯ ತಟ್ಟೆಯನ್ನು 550 ಡಿಗ್ರಿಯಲ್ಲಿ ಎರಡು ತಾಸು ನಿಲ್ಲಿಸಿ, ಇಡೀ ರಾತ್ರಿ ಮೆಲ್ಲಗೆ ಇಳಿಸಿದೆ. ಐದನೆಯ ದಿನ ಅದೂ ಹೋಯಿತು. ಆಗ ಕೆಟ್ಟ ಕ್ಯಾಲ್ಕ್ಯುಲೇಟರ್‌ಗಳ ಪರದೆಯಿಂದ ಎರಡು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಕಿತ್ತೆ. ಒಂದರ ಮೇಲೊಂದಿಟ್ಟು, ಬೆಳಕು ಪೂರ್ತಿ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಆ ಒಡಕನ್ನು ಹಿಡಿದೆ. ಪ್ರತಿ ಕೆಂಪು ಚೂರಿನ ಸುತ್ತ ಬಿಳಿ ಬೆಳಕಿನ ಬಳೆ! ಅದು ಗಾಜಿನೊಳಗೆ ಸಿಕ್ಕಿಬಿದ್ದ ಎಳೆತ. ಬಿಸಿಗೆ ಹಿಗ್ಗಿದ ಗಾಜು ತಣಿಯುವಾಗ ಕುಗ್ಗುತ್ತದೆ. ಬಣ್ಣದ ಗಾಜಿನ 96 ಎಂಬುದು ಆ ಹಿಗ್ಗುವಿಕೆಯ ಅಂಕಿ, ಕಿಟಕಿ ಗಾಜಿನದು ಸುಮಾರು 84. ಬಳೆಯ ಗಾಜಿನದು ಬೇರೆಯೇ. ಒಂದಕ್ಕೊಂದು ಅಂಟಿಕೊಂಡ ಮೇಲೆ ಒಂದು ಹೆಚ್ಚು, ಒಂದು ಕಡಿಮೆ ಕುಗ್ಗಿದರೆ ಎಷ್ಟು ನಿಧಾನ ತಣಿಸಿದರೂ ಆ ಜಗಳ ತೀರುವುದಿಲ್ಲ. ಕಿಟಕಿ ಗಾಜಿನ ಮೇಲೆ ಅದೇ ಹಾಳೆಯಿಂದ ಕೊಯ್ದ ತುಂಡನ್ನೇ ಬೆಸೆದದ್ದನ್ನು ಹಿಡಿದರೆ ಎಲ್ಲಾ ಕಪ್ಪು, ಒಂದು ಚುಕ್ಕೆ ಬೆಳಕಿಲ್ಲ.

96ರ ಗಾಜಿನಲ್ಲಿ ಈ ಕಾಟವಿಲ್ಲ, ಒಂದಕ್ಕೊಂದು ಹೊಂದುವ ಹಾಗೆಯೇ ಮಾಡಿರುತ್ತಾರೆ. 800 ಡಿಗ್ರಿಗೇ ಬೆಸೆಯುತ್ತದೆ, ಬಣ್ಣಕ್ಕಂತೂ ಎದುರಿಲ್ಲ. ಆದರೆ ಅಂಗೈಯಗಲದ ಕೆಂಪು ಹಾಳೆಯ ದುಡ್ಡಿಗೆ ನನಗೆ ತಿಂಗಳುಗಟ್ಟಲೆ ಕಿಟಕಿ ಗಾಜು ಬರುತ್ತದೆ. ನಾನು ಹತ್ತು ಸಲ ಕೆಡಿಸಿ ಕಲಿಯುವವಳು. ದುಬಾರಿ ಗಾಜಿನ ಮೇಲೆ ಕಟರ್ ಇಡುವಾಗ ಕೈ ನಡುಗುತ್ತದೆ, ನಡುಗಿದ ಕೈ ನೆಟ್ಟಗೆ ಗೆರೆ ಎಳೆಯುವುದಿಲ್ಲ. ಅಂಗಡಿಯ ಕಾಕಾ ಮಾತ್ರ “ಅಕ್ಕಾರ, ಈ ಚೂರು ಒಯ್ದು ಏನ್ ಮಾಡ್ತೀರಿ?” ಅನ್ನುತ್ತಲೇ ಒಂದು ಬುಟ್ಟಿ ತುಂಬಿ ಕೊಡುತ್ತಾರೆ.

ಬೇಯಿಸಿದಾಗ ಕಿಟಕಿ ಗಾಜಿನ ಮೇಲೆ ಮಂಜಿನಂಥ ಮಬ್ಬು ಕಟ್ಟುತ್ತದೆ, ನಿಜ. ಪತ್ತಾರರು ಬಳಸುವ ಬಿಳಿಗಾರವನ್ನು ಬಿಸಿನೀರಿನಲ್ಲಿ ಕರಗಿಸಿ ತೆಳ್ಳಗೆ ಸವರಿದರೆ ಬಹಳಷ್ಟು ಹೋಗುತ್ತದೆ. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಗಾಜಾದ್ದರಿಂದ ಒಂದು ಮೈಗೆ ತವರ ಹತ್ತಿರುತ್ತದೆ. ಆ ಮೈ ಯಾವುದೆಂದು ಗುರುತಿಸಲು ನೋಟು ನೋಡುವ ನೀಲಿ ದೀಪ ಸಾಲದು, ಶಾರ್ಟ್‌ವೇವ್ (ಕಿರು ಅಲೆಯ ಅತಿನೇರಳೆ) ದೀಪವೇ ಬೇಕು.

ಕೆಂಪಿನ ಕೊರತೆ ನೀಗಿಸಿದ್ದು ತಾಮ್ರ. ಕಾಗದದಷ್ಟು ತೆಳುವಾದ ತಾಮ್ರದ ಹಾಳೆಯನ್ನು ತೆನೆಯಾಗಿ ಕತ್ತರಿಸಿ ಎರಡು ಕಿಟಕಿ ಗಾಜುಗಳ ನಡುವೆ ಇಟ್ಟು ಬೆಸೆದೆ. ಗಾಳಿ ಸೋಕಿದ ಅಂಚು ಕಪ್ಪಾಯಿತು. ಒಳಗೆ ಮುಚ್ಚಿಹೋದ ಕಾಳುಗಳೆಲ್ಲ ಅವ್ವನ ಹಳೇ ಸೆರಗಿನದೇ ಕಡುಗೆಂಪು. ಆ ತಟ್ಟೆ ಶೋಕೇಸಿಗೆ ಹೋಗಿ ನಾಲ್ಕು ತಿಂಗಳಾಯಿತು, ಇನ್ನೂ ಸದ್ದಿಲ್ಲ.