ಒಂಬತ್ತೂವರೆಗೆ ಬರುವ ಹಿಮದ ಸುದ್ದಿ

ಜೂರಿಕ್‌ನಲ್ಲಿರುವ ಮಗ ಚಳಿಗಾಲದ ಭಾನುವಾರ ಬಂದರೆ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುತ್ತಾನೆ. ಇಲ್ಲಿ ಶಿರಸಿಯಲ್ಲಿ ನನಗೆ ಶನಿವಾರ ರಾತ್ರಿ ನಿದ್ದೆಯಿಲ್ಲ. ಅದಕ್ಕೇ ಅವನು ನನ್ನ ಮೊಬೈಲಿಗೆ ‘ವೈಟ್ ರಿಸ್ಕ್’ ಹಾಕಿಕೊಟ್ಟದ್ದು. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್‌ನ ಆ್ಯಪ್ ಅದು. ಹಿಮಕುಸಿತದ ಮುನ್ಸೂಚನೆ ಅಲ್ಲಿಯ ಸಂಜೆ 5ಕ್ಕೆ ಬರುತ್ತದೆ. ನಮಗಾಗ ರಾತ್ರಿ 9.30, ಊಟ ಮುಗಿದು ಅಡುಗೆಮನೆ ಒರೆಸಿಯಾಗಿರುತ್ತದೆ.

ಅಪಾಯದ ಮಟ್ಟ 1ರಿಂದ 5. ಮೂರು ಎಂದರೆ ನಡುವಿನದು, ಪರವಾಗಿಲ್ಲ ಎಂದುಕೊಂಡಿದ್ದೆ. ಪರವಾಗಿಲ್ಲ ಎಂಬುದೇ ತಪ್ಪು. ಹೆಚ್ಚು ಸಾವು ಆಗುವುದು ಮೂರರಲ್ಲೇ. ನಾಲ್ಕು, ಐದು ಕಂಡರೆ ಜನ ಮನೆಯಲ್ಲಿ ಉಳಿಯುತ್ತಾರೆ.

ಅಂಕಿಯ ಕೆಳಗಿನ ಬರಹ ಓದಲು ಕಲಿತದ್ದು ಅಲ್ಲಿಗೆ ಹೋಗಿ ಬಂದ ಮೇಲೆ. ದಾವೋಸ್‌ನ ಹತ್ತಿರ ಒಂದು ಸಮತಟ್ಟಿನಲ್ಲಿ ಮಗ ಸೊಂಟದುದ್ದದ ಗುಂಡಿ ತೋಡಿದ. ಮೇಲೆ ಹತ್ತಿಯಂಥ ಹೊಸ ಹಿಮ, ನಡುವೆ ಹಲಗೆಯಂಥ ಗಟ್ಟಿ ಪದರ. “ಆಯಿ, ತಳಕ್ಕೆ ಕೈ ಹಾಕಿ ನೋಡು” ಎಂದ. ಹಿಡಿಗೆ ಬಂದದ್ದು ದಪ್ಪ ಸಕ್ಕರೆಯಂಥ ಹರಳು. ಉಂಡೆ ಕಟ್ಟಹೋದರೆ ಪಾಕ ಸಾಲದ ರವೆ ಉಂಡೆಯ ಹಾಗೆ ಬೆರಳ ಸಂದಿಯಲ್ಲಿ ಉದುರಿಹೋಯಿತು. ನೆಲ ಸೊನ್ನೆ ಡಿಗ್ರಿಯ ಆಸುಪಾಸು, ಮೇಲ್ಮೈ ಕೊರೆಯುವ ಚಳಿ. ತೆಳು ಹಿಮದಲ್ಲಿ ಆವಿ ಮೇಲೇರುತ್ತ ಹೀಗೆ ಹರಳುಗಟ್ಟುತ್ತದಂತೆ. ಮೇಲಿನ ಹಲಗೆ ಜಾರುವುದು ಇದರ ಮೇಲೆ.

ದಿನವೂ ಎಲ್ಲ ಬೆಟ್ಟದಲ್ಲೂ ಗುಂಡಿ ತೋಡುವವರು ಯಾರು? ಆ ಕೆಲಸಕ್ಕೆ ‘ಸ್ನೋಪ್ಯಾಕ್’ ಎಂಬ ಕಂಪ್ಯೂಟರ್ ಮಾದರಿ ಇದೆ. ಬೆಟ್ಟದ ಮೇಲಿನ ಸ್ವಯಂಚಾಲಿತ ಕೇಂದ್ರಗಳು ಕಳಿಸುವ ಗಾಳಿ, ಉಷ್ಣತೆ, ಹಿಮದ ಎತ್ತರವನ್ನು ಹಿಡಿದು, ಋತುವಿನ ಮೊದಲ ಹಿಮದಿಂದ ಹಿಡಿದು ಪದರದ ಮೇಲೆ ಪದರ ಪೇರಿಸುತ್ತ ಯಾವುದು ಗಟ್ಟಿಯಾಯಿತು, ಯಾವುದು ಸಕ್ಕರೆಯಾಯಿತು ಎಂದು ಲೆಕ್ಕ ಹಾಕುತ್ತದೆ. ಆದರೆ ಆ ಲೆಕ್ಕ ಕೇಂದ್ರವಿರುವ ಜಾಗದ್ದು. ಗಾಳಿ ಹಿಮವನ್ನು ಗುಡಿಸಿ ಆಚೆ ಮಗ್ಗುಲಿನಲ್ಲಿ ಒಟ್ಟಿದ್ದರೆ ಅಲ್ಲಿಯ ಕಥೆ ಬೇರೆ. ಹಾಗಾಗಿ ಗುಡ್ಡದಲ್ಲಿರುವ ವೀಕ್ಷಕರ ಮಾತನ್ನೂ ಕೇಳಿ, ಕೊನೆಗೆ ಮಟ್ಟ ಬರೆಯುವವರು ಮನುಷ್ಯರೇ. ನನಗೆ ನಂಬಿಕೆ ಬಂದದ್ದು ಅದರಿಂದ.

ಮೆಚ್ಚಿದ್ದು ಇನ್ನೊಂದು: ಎಷ್ಟು ಎತ್ತರದ ಮೇಲೆ, ಯಾವ ದಿಕ್ಕಿನ ಇಳಿಜಾರು, ಯಾಕೆ ಎಂದು ಬಿಡಿಸಿ ಹೇಳುತ್ತಾರೆ. ಮಳೆಗಾಲದಲ್ಲಿ ನಮಗೆ ಸಿಗುವುದು ಜಿಲ್ಲೆಗೊಂದು ಬಣ್ಣ. ಕಾರವಾರದ ಕಡಲ ತೀರಕ್ಕೂ ದೇವಿಮನೆ ಘಟ್ಟದ ತಿರುವಿಗೂ ಅದೇ ಕಿತ್ತಳೆ. ಕುಮಟೆಗೆ ಹೊರಟವರಿಗೆ ಬೇಕಾದದ್ದು ಘಟ್ಟದ ಸುದ್ದಿ.

ಭಾಷೆ ಜರ್ಮನ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್. ನನ್ನ ಇಂಗ್ಲಿಷ್‌ಗೆ ನಿಘಂಟು ಪಕ್ಕದಲ್ಲಿರಬೇಕು. ಆ್ಯಪ್‌ಗೆ ದುಡ್ಡಿಲ್ಲ.

ಕಳೆದ ಶನಿವಾರ ಉತ್ತರದ ಇಳಿಜಾರುಗಳಲ್ಲಿ ಹಳೆಯ ಹಿಮ ದುರ್ಬಲ ಎಂದಿತ್ತು. ಕೂಡಲೇ ಫೋನ್ ಮಾಡಿದೆ. “ಮಾಣಿ, ನಾಳೆ ಯಾವ ಮಗ್ಗುಲು?”

“ದಕ್ಷಿಣ, ಆಯಿ. ನೀನು ನನಗಿಂತ ಮೊದಲೇ ಓದಿಯಾಯಿತಾ?”