ಸೆಕೆ ತಗ್ಗಿಸುವ ಮನೆ ದುರಸ್ತಿ: ಕಾರವಾರದ ಮಾರುಕಟ್ಟೆಯಲ್ಲಿ ಏನು ಸಿಗುತ್ತದೆ?

ವಿದ್ಯುತ್ ಉಳಿಯುವಂತೆ ಹಳೆಯ ಮನೆಯನ್ನು ಸುಧಾರಿಸಿಕೊಡುತ್ತೇವೆ ಎನ್ನುವವರು ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ಈಗ ಹುಡುಕಿದರೆ ಸಿಗುತ್ತಾರೆ. ಕೋಡಿಬಾಗದ ನಮ್ಮ ತಾರಸಿ ಮನೆಗೆ ಇಂಥ ಕೆಲಸ ಮಾಡಿಸುವ ಮುನ್ನ ಹಲವರಿಂದ ದರಪಟ್ಟಿ ತರಿಸಿಕೊಂಡೆ. ಕೊನೆಗೆ ಚಾವಣಿ ಮತ್ತು ಕಿಟಕಿಯ ಕೆಲಸವನ್ನು ಒಬ್ಬ ಸ್ಥಳೀಯ ಗುತ್ತಿಗೆದಾರರಿಗೂ ಸೌರ ಫಲಕಗಳನ್ನು ಬೇರೊಂದು ಅಂಗಡಿಗೂ ಒಪ್ಪಿಸಿದೆ. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಉಪಕರಣ ಮಾರುವವರು ಇಲ್ಲಿ ಧಾರಾಳವಾಗಿದ್ದಾರೆ, ಆದರೆ ಮನೆಯ ಚಾವಣಿ ಮತ್ತು ಕಿಟಕಿಗಳನ್ನು ನೋಡಿ ಸಲಹೆ ಕೊಡುವವರು ತೀರಾ ಕಡಿಮೆ. ಕರಾವಳಿಯಲ್ಲಾದರೋ ಕೈಯಲ್ಲಿರುವ ಹಣ ಮೊದಲು ಹೋಗಬೇಕಾದದ್ದು ಚಾವಣಿಗೆ, ಅನಂತರ ಕಿಟಕಿಗೆ, ಉಳಿದದ್ದು ಉಪಕರಣಕ್ಕೆ.

ಕಾರಣ ಸರಳವಾಗಿದೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು ಇದ್ದ ಮನೆಗಳಲ್ಲಿ ಮೇಲೇರಿದ ಬಿಸಿಗಾಳಿ ಹಂಚುಗಳ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಕಾಂಕ್ರೀಟ್ ಸ್ಲ್ಯಾಬಿಗೆ ಆ ಗುಣವಿಲ್ಲ. ಅದು ಹಗಲೆಲ್ಲ ಬಿಸಿಲು ಕುಡಿದು, ಜನ ಮಲಗುವ ಹೊತ್ತಿಗೆ ಆ ಶಾಖವನ್ನು ಕೋಣೆಯೊಳಗೆ ಬಿಡುತ್ತದೆ. ಮೇ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಸ್ಟೂಲಿನ ಮೇಲೆ ನಿಂತು ನಮ್ಮ ಮಲಗುವ ಕೋಣೆಯ ಸ್ಲ್ಯಾಬಿನ ಅಡಿಗೆ ಅಂಗೈ ಇಟ್ಟರೆ, ಜ್ವರ ಬಂದವರ ಹಣೆ ಮುಟ್ಟಿದಂತಿರುತ್ತಿತ್ತು. ಅದರ ಕೆಳಗೆ ಎಷ್ಟು ದುಬಾರಿ ಫ್ಯಾನ್ ಹಾಕಿದರೂ ಅದೇ ಬಿಸಿಗಾಳಿಯನ್ನು ಕೆಳಗೆ ತಳ್ಳುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ಎಂಬ ವಸತಿ ಕಟ್ಟಡಗಳ ಇಂಧನ ಸಂಹಿತೆಯು ಚಾವಣಿಯ ಮೂಲಕ ಒಳಬರುವ ಶಾಖಕ್ಕೆ ಮಿತಿ ಹಾಕಿದೆ, ಬರೀ ಕಾಂಕ್ರೀಟ್ ಸ್ಲ್ಯಾಬ್ ಆ ಮಿತಿಯ ಹತ್ತಿರವೂ ನಿಲ್ಲುವುದಿಲ್ಲ.

ಅದೇ ಸಂಹಿತೆಯಲ್ಲಿ ನಮ್ಮಂಥ ಬಿಸಿ ಮತ್ತು ತೇವದ ಹವೆಯ ಪ್ರದೇಶಗಳಿಗೆ ಇನ್ನೊಂದು ನಿಯಮವಿದೆ: ತೆರೆಯಬಲ್ಲ ಕಿಟಕಿ-ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇ 16.66, ಅಂದರೆ ಆರನೇ ಒಂದು ಭಾಗವಾದರೂ ಇರಬೇಕು. 120 ಚದರಡಿಯ ಕೋಣೆಗೆ 20 ಚದರಡಿ. ಈಗ ಎಲ್ಲರೂ ಹಾಕಿಸುತ್ತಿರುವ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಎಷ್ಟೇ ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ. ದರಪಟ್ಟಿ ಕೊಟ್ಟವರಲ್ಲಿ ಹೆಚ್ಚಿನವರು ವಿದ್ಯುತ್ ಬಿಲ್ ಕೇಳಿದರು, ಕಡಲ ಗಾಳಿ ಯಾವ ಗೋಡೆಗೆ ಬರುತ್ತದೆ ಎಂದು ಕೇಳಿದವರು ನಾನು ಕೆಲಸ ಒಪ್ಪಿಸಿದ ಗುತ್ತಿಗೆದಾರರೊಬ್ಬರೇ. ಅವರು ಪಶ್ಚಿಮದ ಸ್ಲೈಡಿಂಗ್ ಕಿಟಕಿ ತೆಗೆದು ಪೂರ್ತಿ ತೆರೆಯುವ ಎರಡು ಪಡಿಯ ಕಿಟಕಿ ಕೂರಿಸಿದರು, ಎದುರು ಗೋಡೆಯಲ್ಲಿ ಬಾಗಿಲ ಮೇಲೆ ಗಾಳಿಕಿಂಡಿ ಬಿಡಿಸಿದರು. ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ಖರ್ಚಾದದ್ದು ಇದಕ್ಕೆ, ಮಧ್ಯಾಹ್ನದ ಸೆಕೆಯಲ್ಲಿ ಮನೆಯವರೆಲ್ಲರಿಗೂ ಮೊದಲು ಗೊತ್ತಾದ ವ್ಯತ್ಯಾಸವೂ ಇದರದ್ದೇ.

ಚಾವಣಿಗೆ ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ. ಬಳಿದ ವರ್ಷ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ತಾರಸಿಯ ಮೇಲೆ ಪಾಚಿ ಕಪ್ಪಾಗಿ ಹರಡಿರುತ್ತದೆ, ಕಪ್ಪಾದ ಬಿಳಿ ಬಣ್ಣ ಬಿಸಿಲನ್ನು ತಡೆಯುವುದಿಲ್ಲ. ಪ್ರತಿ ವರ್ಷ ಫೆಬ್ರವರಿಯಲ್ಲಿ ತಿಕ್ಕಿ ತೊಳೆಯುವ ಶಕ್ತಿ ಇದ್ದವರು ಮಾತ್ರ ಇದನ್ನು ಆರಿಸಿಕೊಳ್ಳಬೇಕು. ಅಂಗಡಿಯವರು ವಾರಂಟಿ ಎನ್ನುವಾಗ ಅದು ಬಣ್ಣ ಏಳುವುದಕ್ಕೋ ತಂಪಿಗೋ ಎಂದು ಬಿಡಿಸಿ ಕೇಳಿ, ನನಗೆ ತೋರಿಸಿದ ಕಾಗದದಲ್ಲಿ ತಂಪಿನ ಮಾತು ಇರಲಿಲ್ಲ.

ಎರಡನೆಯದು ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು. ಸೋರಿಕೆ ತಡೆಯಲು ನಮ್ಮ ಜಿಲ್ಲೆಯವರು ಬಹಳ ಕಾಲದಿಂದ ಮಾಡಿಸುತ್ತಿರುವುದೇ ಇದು. ಸ್ಲ್ಯಾಬಿಗೆ ನೆರಳು ಕೊಡುವುದರಿಂದ ಸೆಕೆಗೂ ಇದೇ ಒಳ್ಳೆಯ ಮದ್ದು. ಶೀಟು ತಿಳಿ ಬಣ್ಣದ್ದಾಗಿರಬೇಕು, ಸುತ್ತ ಗಾಳಿಯಾಡಲು ತೆರವಿರಬೇಕು. ಕಟ್ಟಿಗೆ, ತೆಂಗಿನಕಾಯಿ ತುಂಬಲೆಂದು ನಾಲ್ಕೂ ಕಡೆ ಮುಚ್ಚಿಬಿಟ್ಟರೆ ಕಾದ ಶೀಟಿನ ಶಾಖ ಹೊರಹೋಗಲಾರದೆ ಅಲ್ಲೇ ಉಳಿದು ಸ್ಲ್ಯಾಬಿಗೆ ಇಳಿಯುತ್ತದೆ. ನಮ್ಮ ಗುತ್ತಿಗೆದಾರರು ಸೂರನ್ನು ಉದ್ದ ಚಾಚಿಸಿ ಪಶ್ಚಿಮದ ಗೋಡೆಗೂ ನೆರಳು ಮಾಡಿದ್ದು ಮೆಚ್ಚಬೇಕಾದ ಕೆಲಸ, ವೆಲ್ಡಿಂಗ್ ಮಾಡಿದ ಕಡೆಗಳಿಗೆಲ್ಲ ಸತುವಿನ ಪ್ರೈಮರ್ ಹಚ್ಚಿಸಿದ್ದೂ ಸರಿ. ಆದರೆ ಶೀಟಿಗೆ ಅಗ್ಗದ ಸ್ಕ್ರೂ ಬಳಸಿದ್ದರು. ಆಗಸ್ಟ್ ಹೊತ್ತಿಗೆ ಪ್ರತಿ ಸ್ಕ್ರೂವಿನ ತಲೆಯಿಂದ ಕಂದು ಗೆರೆಯೊಂದು ಶೀಟಿನ ಮೇಲೆ ಇಳಿದಿತ್ತು. ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು ಎಂಬುದು ಕಡಲಂಚಿನಲ್ಲಿ ದುಡಿಯುವವರಿಗೆ ಹೇಳಿಕೊಡಬೇಕಾದ ಮಾತಲ್ಲ. ಕೇಳಿದ ಮೇಲೆ ಬದಲಿಸಿಕೊಟ್ಟರು, ಕೂಲಿ ಮಾತ್ರ ನಮ್ಮಿಂದಲೇ ಪಡೆದರು.

ಫ್ಯಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯದು ಸುಮಾರು 75 ವಾಟ್ ಎಳೆದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ, ಕಡಿಮೆ ವಿದ್ಯುತ್ ಸಾಕಾಗುವ ಮೋಟರಿನ) ಫ್ಯಾನ್ 30ರಿಂದ 35 ವಾಟ್ ಎಳೆಯುತ್ತದೆ. ದಿನಕ್ಕೆ 12 ಗಂಟೆ ತಿರುಗುವ ಮೂರು ಫ್ಯಾನ್‌ಗಳಲ್ಲಿ ತಿಂಗಳಿಗೆ 40 ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದಾಗಿ ಬಿಲ್ಲೇ ಬಾರದಿರುವಾಗ ಇದೆಲ್ಲ ಯಾಕೆ ಎಂದು ನೆರೆಯವರು ಕೇಳುತ್ತಾರೆ. ಯೋಜನೆಯ ನಿಯಮದಂತೆ ಹಿಂದಿನ ಸರಾಸರಿಯ ಮೇಲೆ ಶೇ 10ರಷ್ಟು ಸೇರಿಸಿದ ಬಳಕೆ ಉಚಿತ, ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಏಪ್ರಿಲ್, ಮೇಯಲ್ಲಿ 220ರ ಆಸುಪಾಸಿಗೆ ಹೋಗುವ ಮನೆಗೆ ಆ 40 ಯೂನಿಟ್ ಎಷ್ಟು ಮುಖ್ಯ ಎಂಬುದನ್ನು ಅವರೇ ಲೆಕ್ಕ ಹಾಕಬಹುದು.

ಸೌರ ಫಲಕದ ಅಂಗಡಿಯ ಸೇವೆ ನನಗೆ ತೃಪ್ತಿ ಕೊಟ್ಟಿತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 1 ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ದೇಶದಲ್ಲೇ ತಯಾರಾದ ಫಲಕಗಳನ್ನು ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಬೇಕು, ಹಣ ಕೆಲಸ ಮುಗಿದ ಮೇಲೆ ನಮ್ಮ ಖಾತೆಗೆ ಬರುತ್ತದೆ. ಅರ್ಜಿ, ಹೆಸ್ಕಾಂ ಪರಿಶೀಲನೆ, ಮೀಟರ್ ಬದಲಾವಣೆ ಎಲ್ಲವನ್ನೂ ಅಂಗಡಿಯವರೇ ಮುಂದೆ ನಿಂತು ಮಾಡಿಸಿದರು. ಆದರೆ ಅವರು ಕೊಟ್ಟ ಲೆಕ್ಕದಲ್ಲಿ ಕಿಲೋವಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಎಂಬ ಸರಾಸರಿಯನ್ನೇ ಹನ್ನೆರಡು ತಿಂಗಳಿಗೂ ಬರೆದಿದ್ದರು. ಜೂನ್, ಜುಲೈ ತಿಂಗಳ ಮೋಡದಲ್ಲಿ ಅಷ್ಟು ಬರುವುದಿಲ್ಲ, ಗ್ರಾಹಕನಿಗೆ ತಿಂಗಳವಾರು ಲೆಕ್ಕವನ್ನೇ ಕೊಡಬೇಕಿತ್ತು. ಇನ್ನೊಂದು ಮಾತು: ಫಲಕಗಳೂ ನೆರಳು ಕೊಡುತ್ತವೆ. ಶೀಟು ಹಾಕಿಸುವ ಮುಂಚೆಯೇ ಫಲಕದವರನ್ನೂ ಶೀಟಿನವರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಿದರೆ ಒಂದೇ ಚೌಕಟ್ಟು ಎರಡಕ್ಕೂ ಸಾಕಾಗುತ್ತದೆ.

ಬಿಸಿನೀರಿನ ಸೌರ ಹೀಟರನ್ನು ನಾನು ಬೇಡವೆಂದೆ. ನದೀಮುಖದ ಹತ್ತಿರದ ಬಾವಿಗಳ ನೀರು ಉಪ್ಪಾಗುವ ಕಡೆ ಅದರ ಟ್ಯಾಂಕು ಬಾಳುವುದು ಕಷ್ಟ. ಬಿಸಿನೀರು ನಿಜವಾಗಿ ಬೇಕಾಗುವ ಮಳೆಗಾಲದಲ್ಲಂತೂ ಬಿಸಿಲೇ ಇರುವುದಿಲ್ಲ. ಘಟ್ಟದ ಮೇಲೆ ಶಿರಸಿಯ ಕಡೆ ಅಡಿಕೆ ಸಿಪ್ಪೆ, ಸೋಗೆ ಉರಿಸುವ ಬಚ್ಚಲು ಒಲೆ ಈಗಲೂ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಹೊಗೆ ತಗ್ಗಿಸುವ ಸುಧಾರಿತ ಒಲೆ ಕಟ್ಟಿಸುವ ಖರ್ಚು ಹೀಟರಿನ ಮುಂದೆ ಏನೂ ಅಲ್ಲ, ತೋಟ ಇರುವವರು ಅದನ್ನೇ ಮಾಡಿಸಲಿ.

ಕೆಲಸ ಮಾಡಿಸುವವರು ನವರಾತ್ರಿ ಕಳೆದ ಮೇಲೆ ಮಾತು ಮುಗಿಸಿ ಜನವರಿಯೊಳಗೆ ಆರಂಭಿಸುವುದು ಒಳ್ಳೆಯದು, ಮಾರ್ಚ್ ಬಂದರೆ ವೆಲ್ಡಿಂಗಿನವರು ಮಳೆಗಾಲದ ಮುಂಚಿನ ಶೀಟು ಕೆಲಸದಲ್ಲಿ ಮುಳುಗಿರುತ್ತಾರೆ. ಕರಾರಿನಲ್ಲಿ ಸ್ಕ್ರೂ ಮತ್ತು ಬೋಲ್ಟಿನ ಲೋಹ, ಪೈಪಿನ ದಪ್ಪ, ಶೀಟಿನ ಬಣ್ಣ, ಕಿಟಕಿ ಎಷ್ಟು ಚದರಡಿ ತೆರೆಯುತ್ತದೆ ಎಂಬುದನ್ನು ಬರೆಸಿಕೊಳ್ಳಿ, ಕೊನೆಯ ಕಂತನ್ನು ಮೊದಲ ಮಳೆ ಬಿದ್ದ ಮೇಲೆ ಕೊಡುವುದಾಗಿ ಮೊದಲೇ ಹೇಳಿಬಿಡಿ. ಈ ಕೊನೆಯ ಷರತ್ತಿಗೆ ನಮ್ಮ ಗುತ್ತಿಗೆದಾರರು ಮರುಮಾತಿಲ್ಲದೆ ಒಪ್ಪಿದ್ದರು, ಸ್ಕ್ರೂವಿನ ತಕರಾರು ಇದ್ದರೂ ಅವರ ಫೋನ್ ನಂಬರನ್ನು ನಂಟರಿಗೆ ಕೊಡುತ್ತಿರುವುದು ಅದಕ್ಕಾಗಿಯೇ.